ಮನೆಯ ಸಮಾರಂಭಕ್ಕೆ ಅಪ್‌ಸೈಡ್ ಡೌನ್ ಕೇಕ್: ಯಾವ ಹಣ್ಣು, ಯಾವ ಎಲೆ, ಯಾವ ಒಲೆ?

ಅಪ್ಪನ ಅರವತ್ತಕ್ಕೋ ಮಗುವಿನ ಮೊದಲ ಹುಟ್ಟುಹಬ್ಬಕ್ಕೋ ಮನೆಯಲ್ಲೇ ಕೇಕ್ ಮಾಡಬೇಕು ಎಂದುಕೊಂಡವರಿಗೆ ಅಪ್‌ಸೈಡ್ ಡೌನ್ ಕೇಕ್‌ನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಕ್ರೀಮ್ ಬಳಿಯುವ ಕೆಲಸವಿಲ್ಲ, ಹೂ ಬಿಡಿಸುವ ನಳಿಕೆ ಬೇಡ. ಟಿನ್ನಿನ ತಳಕ್ಕೆ ಬೆಣ್ಣೆ ಬೆಲ್ಲದ ಪಾಕ ಸುರಿದು, ಹಣ್ಣು ಜೋಡಿಸಿ, ಮೇಲೆ ಹಿಟ್ಟು ಹೊಯ್ದು ಬೇಯಿಸಿ ಮಗುಚಿದರೆ ಅಲಂಕಾರ ತಾನಾಗಿ ಮೇಲೆ ಬಂದಿರುತ್ತದೆ. ಜೊತೆಗೆ ಒಂದು ಸುವಾಸನೆಯ ಎಲೆ ಸೇರಿದರೆ ಸಿಹಿಯ ಭಾರ ಇಳಿದು ಎರಡನೇ ತುಂಡು ಕೇಳುವ ಹಾಗಾಗುತ್ತದೆ.

ತೊಡಕೆಲ್ಲ ಆಯ್ಕೆಯಲ್ಲಿದೆ. ಅನಾನಸ್ಸೋ ಬಾಳೆಯೋ ಮಾವೋ? ರೋಸ್‌ಮೇರಿ ತರಬೇಕೋ, ಹಿತ್ತಲ ದೊಡ್ಡಪತ್ರೆ ಸಾಕೋ? ಮೊಟ್ಟೆ ಹಾಕದಿದ್ದರೆ ಉಬ್ಬುತ್ತದೆಯೇ? ಓವನ್ ಇಲ್ಲದ ಮನೆಯಲ್ಲಿ ಆಗುವ ಕೆಲಸವೇ? ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು ಎಂಬುದು ಸ್ಪಷ್ಟವಾಗಬೇಕು.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ನೀರು. ಈ ಕೇಕ್ ಕೆಡುವುದಿದ್ದರೆ ಹೆಚ್ಚಿನ ಸಲ ಇದರಿಂದಲೇ ಕೆಡುತ್ತದೆ. ಬಾಳೆಹಣ್ಣಿನಲ್ಲಿ ಸುಮಾರು ಶೇ. 75, ಮಾವಿನಲ್ಲಿ ಶೇ. 83, ಸೇಬು ಮತ್ತು ಅನಾನಸ್‌ನಲ್ಲಿ ಶೇ. 86, ಕಿತ್ತಳೆಯಲ್ಲಿ ಶೇ. 87ರಷ್ಟು ನೀರಿರುತ್ತದೆ. ಆದರೆ ಬರೀ ಅಂಕಿ ನೋಡಿ ಮೋಸಹೋಗಬೇಡಿ. ಸೇಬಿನಲ್ಲೂ ಅನಾನಸ್‌ನಲ್ಲೂ ನೀರು ಒಂದೇ ಪ್ರಮಾಣದಲ್ಲಿದ್ದರೂ ಸೇಬು ಬಿಸಿಯಲ್ಲಿ ತನ್ನ ನೀರನ್ನು ಬಹುಮಟ್ಟಿಗೆ ಹಿಡಿದುಕೊಳ್ಳುತ್ತದೆ, ಅನಾನಸ್ ಕೊಟ್ಟುಬಿಡುತ್ತದೆ. ಬಿಟ್ಟ ನೀರು ಪಾಕವನ್ನು ತೆಳುಮಾಡಿ, ಹಿಟ್ಟಿನ ಕೆಳಪದರಕ್ಕೆ ಇಳಿದು, ಅಲ್ಲಿ ಬೇಯದ ಅಂಟು ಪಟ್ಟಿಯೊಂದನ್ನು ಉಳಿಸುತ್ತದೆ.

ಎರಡನೆಯದು ಹುಳಿ. ಪಾಕ ಪೂರ್ತಿ ಸಿಹಿ ಮತ್ತು ಕೊಬ್ಬು. ಹಣ್ಣಿನಲ್ಲಿ ಹುಳಿ ಇಲ್ಲದಿದ್ದರೆ ಮೂರನೇ ತುತ್ತಿಗೇ ಮೊಗಚುತ್ತದೆ. ಆಗ ನಿಂಬೆರಸ ಅಥವಾ ಸಿಪ್ಪೆಯ ತುರಿ ಸೇರಿಸಬೇಕು, ಇಲ್ಲವೇ ನಿಂಬೆಯ ನೆನಪು ತರುವ ಎಲೆ ಬೇಕು.

ಮೂರನೆಯದು ಹೊತ್ತು: ಮಾಡಿದ ದಿನವೇ ಬಡಿಸುತ್ತೀರೋ, ಹಿಂದಿನ ರಾತ್ರಿ ಮಾಡಿಡುತ್ತೀರೋ? ಸಮಾರಂಭದ ದಿನ ಬೆಳಿಗ್ಗೆ ಒಲೆ ಖಾಲಿ ಇರುವುದಿಲ್ಲ, ಹಾಗಾಗಿ ಬಹುಪಾಲು ಮನೆಗಳಲ್ಲಿ ಇದು ಹಿಂದಿನ ದಿನದ ಕೆಲಸವೇ. ನಾಲ್ಕನೆಯದು ತಿನ್ನುವವರು: ಮೊಟ್ಟೆ ಮುಟ್ಟದವರು, ಹಲ್ಲು ಸಡಿಲವಾದ ಅಜ್ಜಿ, ಹಸಿರು ಕಂಡರೆ ಆರಿಸಿ ಎತ್ತಿಡುವ ಮಕ್ಕಳು. ಖರ್ಚಿನ ಮಾತು ಕೊನೆಗೆ. ಇಲ್ಲಿ ಹೆಚ್ಚಾಗಿ ದುಬಾರಿಯಾಗುವುದು ಹಣ್ಣಲ್ಲ, ಬೆಣ್ಣೆ.

ಎಲ್ಲಕ್ಕೂ ಒಂದೇ ಅಳತೆ

ಹೋಲಿಸಬೇಕಾದರೆ ತಳಹದಿ ಒಂದೇ ಇರಬೇಕು. 8 ಇಂಚಿನ, ಅಂದರೆ 20 ಸೆಂ.ಮೀ. ಅಗಲದ, ಕನಿಷ್ಠ 2 ಇಂಚು ಎತ್ತರದ ದುಂಡು ಟಿನ್ ತೆಗೆದುಕೊಳ್ಳಿ. ತಳ ಬಿಚ್ಚಿಕೊಳ್ಳುವ ಟಿನ್ ಬೇಡವೇ ಬೇಡ, ಪಾಕ ಸೋರಿ ಓವನ್ನಿನ ತಳದಲ್ಲಿ ಹೊಗೆಯೆಬ್ಬಿಸುತ್ತದೆ. ಈ ಟಿನ್ನಿನ ಕೇಕ್ 10ರಿಂದ 12 ತುಂಡಾಗುತ್ತದೆ.

ಪಾಕಕ್ಕೆ 50 ಗ್ರಾಂ ಬೆಣ್ಣೆ, 90 ಗ್ರಾಂ ಪುಡಿಬೆಲ್ಲ. ಬೆಲ್ಲವನ್ನು 2 ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ, ಕಲ್ಲು ಕಸ ಉಳಿದರೆ ಮಗುಚಿದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕರಗಿದ ಬೆಣ್ಣೆಗೆ ಅದನ್ನು ಸೇರಿಸಿ 2ರಿಂದ 3 ನಿಮಿಷ ಕುದಿಸಿ. ಮೊದಲು ಸಣ್ಣ ಚುರುಕು ಗುಳ್ಳೆ ಏಳುತ್ತವೆ. ಅವು ದೊಡ್ಡದಾಗಿ, ನಿಧಾನವಾಗಿ, ಒಂದರ ಮೇಲೊಂದು ಒಡೆಯತೊಡಗಿದಾಗ ಇಳಿಸಿ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟರೆ ಓಡಬಾರದು, ಮೆಲ್ಲಗೆ ಹರಡಬೇಕು. ಒಂದೆಳೆ ಪಾಕದವರೆಗೆ ಹೋಗಬಾರದು, ಓವನ್ನಿನಲ್ಲಿ ಅದು ಇನ್ನೂ ಗಟ್ಟಿಯಾಗುವುದಿದೆ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕಿದರೆ ಕರಗಿಸುವ ತಾಪತ್ರಯವೇ ಇಲ್ಲ. ಮೂರನೇ ಒಂದು ಕಪ್ ಜೋನಿ ಬೆಲ್ಲವನ್ನು ಬೆಣ್ಣೆಯೊಂದಿಗೆ ಕುದಿಸಿದರಾಯಿತು.

ಬೆಲ್ಲದ ಬದಲು ಬಿಳಿ ಸಕ್ಕರೆ ಬಳಸಿದರೆ ಹಣ್ಣಿನ ಬಣ್ಣ ಹೊನ್ನಿನಂತೆ ಕಾಣುತ್ತದೆ, ಎಲೆಯ ಪರಿಮಳವೂ ಮುಚ್ಚಿಹೋಗುವುದಿಲ್ಲ. ಆದರೆ ಸಕ್ಕರೆಯನ್ನು ಒಣದಾಗಿ ಕರಗಿಸಿ ಕಂದು ಬಣ್ಣಕ್ಕೆ ತರುವಾಗ ಅರ್ಧ ನಿಮಿಷ ತಡವಾದರೂ ಕಹಿ, ತಣ್ಣಗಾದ ಮೇಲೆ ಗಾಜಿನಂತೆ ಗಟ್ಟಿ. ಮೊದಲ ಸಲ ಮಾಡುವವರು ಬೆಲ್ಲವನ್ನೇ ಹಿಡಿಯಲಿ. ಮನೆಯ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿದ್ದರೆ ಪಾಕ ಒಡೆದಂತೆ ಕಾಣುತ್ತದೆ, ಆಗ 40 ಗ್ರಾಂ ತುಪ್ಪ ಸಾಕು. ತುಪ್ಪದ ಘಮ ಮೆದು ಎಲೆಗಳ ವಾಸನೆಯನ್ನು ನುಂಗುತ್ತದೆ ಎಂಬುದು ನೆನಪಿರಲಿ.

ಹಣ್ಣು

ಅನಾನಸ್ ಈ ಕೇಕಿನ ಹಳೆಯ ಸಂಗಾತಿ. 1925ರಲ್ಲಿ ಹವಾಯಿಯ ಅನಾನಸ್ ಕಂಪನಿಯೊಂದು ಡಬ್ಬಿಯ ಅನಾನಸ್ ಬಳಸಿ ಅಡುಗೆ ಮಾಡುವ ಸ್ಪರ್ಧೆ ಏರ್ಪಡಿಸಿದ ಮೇಲೆ ಅಮೆರಿಕದಲ್ಲಿ ಈ ಕೇಕ್ ಮನೆಮಾತಾಯಿತು. ನಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಪ್ರಸಿದ್ಧ ಪಾಕವಿಧಾನಗಳೆಲ್ಲ ಡಬ್ಬಿಯ, ಅಂದರೆ ಆಗಲೇ ಬೆಂದ ಅನಾನಸ್‌ಗೆ ಬರೆದವು. ಸಾಗರ, ಸೊರಬ, ಬನವಾಸಿ ಕಡೆಯಿಂದ ಬರುವ ತಾಜಾ ಹಣ್ಣನ್ನು ಅದೇ ರೀತಿ ನೇರವಾಗಿ ಟಿನ್ನಿಗೆ ಹಾಕಿದರೆ ಎರಡು ತೊಂದರೆ. ಒಂದು, ನೀರು. ಇನ್ನೊಂದು, ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ. ಅದು ಹಾಲು ಮೊಸರಿನ ಪ್ರೋಟೀನನ್ನು ತುಂಡರಿಸಿ ಕಹಿ ಹುಟ್ಟಿಸುತ್ತದೆ. ಮೊಸರು ಹಾಕಿದ ಹಿಟ್ಟಿನಲ್ಲಿ ಈ ಕಹಿ ಬೇಗ ಗೊತ್ತಾಗುತ್ತದೆ. ಬಿಸಿ ತಗುಲಿದರೆ ಕಿಣ್ವ ಸತ್ತುಹೋಗುತ್ತದೆ. ಅದಕ್ಕೇ 1 ಸೆಂ.ಮೀ. ದಪ್ಪದ ಬಿಲ್ಲೆಗಳನ್ನು ಅಗಲ ಬಾಣಲೆಯಲ್ಲಿ 1 ದೊಡ್ಡ ಚಮಚ ಸಕ್ಕರೆಯೊಂದಿಗೆ ಒಂದೊಂದು ಬದಿ 3ರಿಂದ 4 ನಿಮಿಷ ಬಾಡಿಸಿ, ಜರಡಿಯ ಮೇಲೆ 10 ನಿಮಿಷ ಇಡಿ. ಇಳಿದ ರಸವನ್ನು ಚೆಲ್ಲಬೇಡಿ. ಅರ್ಧಕ್ಕೆ ಇಂಗಿಸಿದರೆ ಮಗುಚಿದ ಮೇಲೆ ಸವರಲು ಒಳ್ಳೆಯ ಹೊಳಪು.

8 ಇಂಚಿನ ಟಿನ್ನಿನಲ್ಲಿ ಏಳು ಪೂರ್ತಿ ಬಿಲ್ಲೆ ಹಿಡಿಸುವುದು ಕಷ್ಟ. ನಡುವೆ ಒಂದು ಪೂರ್ತಿ, ಸುತ್ತ ಅರ್ಧ ಬಿಲ್ಲೆಗಳನ್ನು ಬೆನ್ನು ಹೊರಗೆ ಮಾಡಿ ಜೋಡಿಸಿ. ಬಾಡಿಸಿದ ಮೇಲೆ 300ರಿಂದ 350 ಗ್ರಾಂ ಹಣ್ಣು ಸಾಕು, ಅದಕ್ಕಿಂತ ಹೆಚ್ಚಾದರೆ ನಡುಭಾಗ ಬೇಯುವುದಿಲ್ಲ. ಹುಳಿ ಸಿಹಿ ಎರಡೂ ಇರುವುದರಿಂದ ರುಚಿಯಲ್ಲಿ ಅನಾನಸ್‌ಗೆ ಸಾಟಿಯಿಲ್ಲ, ಮಾರನೇ ದಿನಕ್ಕೂ ಕೆಡುವುದಿಲ್ಲ. ಕೆಲಸ ಮಾತ್ರ ಎಲ್ಲಕ್ಕಿಂತ ಹೆಚ್ಚು. ಸೀಮಂತದ ಕೇಕ್‌ಗೆ ಇದನ್ನು ಬಿಡುವುದೇ ಒಳಿತು: ಬಸುರಿಗೆ ಅನಾನಸ್ ಕೂಡದು ಎಂದು ನಂಬಿರುವ ಹಿರಿಯರು ಮನೆಯಲ್ಲಿದ್ದೇ ಇರುತ್ತಾರೆ, ಆ ದಿನ ಅವರೊಂದಿಗೆ ವಾದ ಬೇಡ.

ಬಾಳೆಹಣ್ಣು ಅಗ್ಗ, ವರ್ಷವಿಡೀ ಸಿಗುತ್ತದೆ, ಮೊದಲೇ ಬೇಯಿಸಬೇಕಿಲ್ಲ. ಆದರೆ ಯಾವ ಬಾಳೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಂಜನಗೂಡು ರಸಬಾಳೆಯನ್ನು ದಯವಿಟ್ಟು ಓವನ್ನಿಗೆ ಹಾಕಬೇಡಿ. ಅದರ ಮೆದುತನವೇ ಅದರ ಸೊಗಸು, ಬಿಸಿಯಲ್ಲಿ ಅದು ಕರಗಿ ಮುದ್ದೆಯಾಗುತ್ತದೆ. ಪಚ್ಚಬಾಳೆ ನೀರು ಬಿಟ್ಟು ಕಪ್ಪಾಗುತ್ತದೆ. ಏಲಕ್ಕಿ ಬಾಳೆ ಚೆನ್ನ: 8ರಿಂದ 9 ಹಣ್ಣನ್ನು ಉದ್ದಕ್ಕೆ ಸೀಳಿ, ಸೀಳಿದ ಮೈ ಪಾಕಕ್ಕೆ ತಾಗುವಂತೆ ಇಡಿ, ಮಗುಚಿದಾಗ ಮೇಲೆ ಕಾಣುವುದು ಆ ಮೈ. ಆಕಾರ ಎಲ್ಲಕ್ಕಿಂತ ಚೆನ್ನಾಗಿ ಉಳಿಯುವುದು ಹಣ್ಣಾದ ನೇಂದ್ರದಲ್ಲಿ, ಅದರ ಸಣ್ಣ ಹುಳಿಯೂ ನೆರವಿಗೆ ಬರುತ್ತದೆ. ಸಿಪ್ಪೆ ಪೂರ್ತಿ ಹಳದಿಯಾಗಿ ಕಪ್ಪು ಚುಕ್ಕೆ ಬೀಳುವ ಮುಂಚಿನ ಹಣ್ಣು ಬೇಕು. ಸೀಳಿದ ಕೂಡಲೇ 2 ಟೀ ಚಮಚ ನಿಂಬೆರಸ ಸವರಿ, ಕಪ್ಪಾಗುವುದೂ ತಡೆಯುತ್ತದೆ, ಇಲ್ಲದ ಹುಳಿಯೂ ಬರುತ್ತದೆ. ಬಾಳೆಯ ಕೇಕ್ ಮಾಡಿದ ದಿನ ಸಂಜೆಯೊಳಗೆ ಮುಗಿಯಬೇಕು. ಮಾರನೇ ದಿನಕ್ಕೆ ಹಣ್ಣು ಮಂಕಾಗಿ, ಮೇಲ್ಮೈ ಒದ್ದೆಯಾಗಿರುತ್ತದೆ.

ಮಾವಿನ ವಿಷಯದಲ್ಲಿ ಆಸೆ ದೊಡ್ಡದು, ಫಲ ಅಷ್ಟಕ್ಕಷ್ಟೆ. ಪೂರ್ತಿ ಹಣ್ಣಾದ ಬಾದಾಮಿಯ ಪರಿಮಳ ನಲವತ್ತು ನಿಮಿಷದ ಬಿಸಿಗೆ ಬಹುಪಾಲು ಹಾರಿಹೋಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಹಣ್ಣು ಬರೀ ಸಿಹಿಯಾಗಿ ಉಳಿಯುತ್ತದೆ. ರಸಪುರಿಯಂತೂ ರಸವೇ. ಬೇಯಿಸಲು ತಕ್ಕದ್ದು ತೋತಾಪುರಿ: ಗಟ್ಟಿ ತಿರುಳು, ಎದ್ದು ಕಾಣುವ ಹುಳಿ, ಕಡಿಮೆ ಬೆಲೆ. ಇಲ್ಲದಿದ್ದರೆ ಒತ್ತಿದರೆ ತುಸುವೇ ತಗ್ಗುವ ಅರೆಹಣ್ಣಿನ ಮಲ್ಲಿಕಾ. 8 ಮಿ.ಮೀ. ದಪ್ಪಕ್ಕೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ಒರೆಸಿ ಜೋಡಿಸಿ. ಬಾದಾಮಿ ಬೇಕೇ ಬೇಕೆಂದರೆ ತೋತಾಪುರಿಯನ್ನು ಬೇಯಿಸಿ, ಬಾದಾಮಿಯ ಹಸಿ ಹೋಳುಗಳನ್ನು ಕೇಕಿನ ಪಕ್ಕದಲ್ಲಿ ಬಡಿಸಿ. ಎರಡೂ ತಮ್ಮ ತಮ್ಮ ಜಾಗದಲ್ಲಿ ಮೆರೆಯುತ್ತವೆ.

ಸೇಬು ನಂಬಿಗಸ್ಥ ಹಣ್ಣು. ಎರಡು ಮಧ್ಯಮ ಗಾತ್ರದ, ಸುಮಾರು 300 ಗ್ರಾಂ ಸೇಬನ್ನು 5 ಮಿ.ಮೀ. ಹೋಳು ಮಾಡಿ 1 ಟೀ ಚಮಚ ಬೆಣ್ಣೆಯಲ್ಲಿ 4ರಿಂದ 5 ನಿಮಿಷ ಬಾಡಿಸಲೇಬೇಕು. ಹಸಿಯಾಗಿ ಹಾಕಿದರೆ ಕೇಕ್ ಬೆಂದರೂ ಸೇಬು ಗಡುಸಾಗಿಯೇ ಉಳಿದು, ಚಾಕು ಹಾಕಿದಾಗ ಕೆಳಗಿನ ಕೇಕನ್ನು ಹರಿದುಕೊಂಡು ಬರುತ್ತದೆ. ಹಿಂದಿನ ದಿನ ಮಾಡಿಡುವವರಿಗೆ, ಹಲ್ಲಿಲ್ಲದವರಿರುವ ಮನೆಗೆ ಇದೇ ಮೇಲು. ಮಾರನೇ ದಿನ ರುಚಿ ಇನ್ನೂ ಹದಕ್ಕೆ ಬರುತ್ತದೆ.

ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ತೊಳೆಯಲ್ಲಿ ಬೀಜ ಮತ್ತು ನೀರು ಹೆಚ್ಚು. ಅದನ್ನು ಮೇಲ್ಮೈಗೆ ಜೋಡಿಸುವ ಬದಲು ಸಿಪ್ಪೆಯ ತುರಿಯನ್ನು ಹಿಟ್ಟಿಗೆ ಹಾಕಿದರೆ ಅದಕ್ಕೆ ಸಲ್ಲುವ ಮರ್ಯಾದೆ. ಜೋಡಿಸಲು ಗಟ್ಟಿ ಸಿಪ್ಪೆಯ ಕಿತ್ತಳೆ ತಂದು, ಬಿಳಿ ನಾರನ್ನು ಪೂರ್ತಿ ತೆಗೆದು ಅಡ್ಡಕ್ಕೆ 6 ಮಿ.ಮೀ. ಬಿಲ್ಲೆ ಮಾಡಿ, ಬೀಜ ತೆಗೆದು ಬಟ್ಟೆಯ ಮೇಲೆ 15 ನಿಮಿಷ ಹರಡಿ. ಮೋಸಂಬಿ ಬೇಡ, ಬಿಸಿಗೆ ಕಹಿಯಾಗುತ್ತದೆ. ತಾಜಾ ಅಂಜೂರ ಸಿಗುವ ಕಾಲದಲ್ಲಿ ನೋಟಕ್ಕೆ ಅದನ್ನು ಮೀರಿಸುವ ಹಣ್ಣಿಲ್ಲ, ಆದರೆ ಬೆಲೆ ಹೆಚ್ಚು, ಹುಳಿ ಇಲ್ಲ. ಮಲೆನಾಡಿನವರು ಬಕ್ಕೆ ಹಲಸಿನ ತೊಳೆ ಹಾಕಿ ನೋಡಬಹುದು, ಗಟ್ಟಿಯಾಗಿ ನಿಲ್ಲುತ್ತದೆ. ಆಗ ಎಲೆಯ ಮಾತೇ ಬೇಡ, ಹಲಸಿನ ವಾಸನೆಯ ಮುಂದೆ ಯಾವುದೂ ನಿಲ್ಲದು. ಪಪ್ಪಾಯ, ಸಪೋಟ, ಕಲ್ಲಂಗಡಿ ಈ ಕೆಲಸಕ್ಕಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ಬೇಸಿಗೆಯಲ್ಲಿ ಸಿಗುವ ಪ್ಲಮ್, ಪೀಚ್ ಎರಡೂ ಹುಳಿಯಿರುವ ಒಳ್ಳೆಯ ಹಣ್ಣುಗಳು. ಗಟ್ಟಿಯಿರುವಾಗಲೇ ಬಳಸಬೇಕು ಅಷ್ಟೆ.

ಎಲೆ

ಎಲೆಗಳಲ್ಲಿ ಎರಡು ಜಾತಿ. ಗಡುಸಾದ, ಎಣ್ಣೆಯಂಶ ಹೆಚ್ಚಿರುವ ಎಲೆಗಳ ಪರಿಮಳ ಬಿಸಿಯನ್ನು ತಾಳಿಕೊಂಡು ಬೆಣ್ಣೆಯಲ್ಲಿ ಕರಗುತ್ತದೆ. ಮೆದುವಾದ, ನೀರು ತುಂಬಿದ ಎಲೆಗಳದ್ದು ಬಿಸಿಗೆ ಹಾರಿಹೋಗಿ, ಎಲೆ ಕಪ್ಪು ಚಕ್ಕೆಯಾಗಿ ಉಳಿಯುತ್ತದೆ. ಮೊದಲನೆಯದು ಬೇಯಿಸುವ ಮೊದಲು, ಎರಡನೆಯದು ಬೆಂದ ಮೇಲೆ. ಇದೊಂದು ಗೊತ್ತಿದ್ದರೆ ಹೆಚ್ಚಿನ ಗೊಂದಲ ಮುಗಿಯಿತು.

ರೋಸ್‌ಮೇರಿ ಮೊದಲ ಜಾತಿಯ ಮುಂದಾಳು. ನೀಲಗಿರಿ ಕಡೆ ಬೆಳೆಯುತ್ತದೆ, ಊರಿನ ದೊಡ್ಡ ತರಕಾರಿ ಅಂಗಡಿಗಳಲ್ಲಿ ಸಣ್ಣ ಕಟ್ಟು ಸಿಗುತ್ತದೆ. ಬೆರಳುದ್ದದ ಒಂದೇ ಕಡ್ಡಿ ಸಾಕು. ಪಾಕದ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕಡ್ಡಿಯನ್ನು ಇಡಿಯಾಗಿ ಹಾಕಿ 3 ನಿಮಿಷ ಬಿಡಿ. ಎಲೆಗಳ ಸುತ್ತ ಸಣ್ಣ ಗುಳ್ಳೆ ಕಟ್ಟಿ, ಬೆಣ್ಣೆಯಿಂದ ಕಾಡಿನ ಮರದಂಥ ವಾಸನೆ ಏಳುತ್ತದೆ. ಬೆಣ್ಣೆ ಕಂದುಬಣ್ಣಕ್ಕೆ ತಿರುಗುವ ಮೊದಲೇ ಕಡ್ಡಿಯನ್ನು ತೆಗೆದುಬಿಡಿ. ಎಲೆಗಳನ್ನು ಹೆಚ್ಚಿ ಹಿಟ್ಟಿಗೆ ಹಾಕುವವರಿದ್ದಾರೆ, ಅದು ಬಾಯಿಗೆ ಸೂಜಿಯಂತೆ ಸಿಗುತ್ತದೆ, ಮಕ್ಕಳಂತೂ ಉಗಿಯುತ್ತಾರೆ. ಒಣ ರೋಸ್‌ಮೇರಿಯಾದರೆ ಮೂರನೇ ಒಂದು ಭಾಗ. ಅನಾನಸ್, ಸೇಬು ಎರಡಕ್ಕೂ ಹೊಂದುತ್ತದೆ. ಮಾವಿಗೆ ಬೇಡ, ಎರಡರಲ್ಲೂ ಇರುವ ರಾಳದ ಛಾಯೆ ಸೇರಿ ಔಷಧಿಯ ರುಚಿ ಬರುತ್ತದೆ.

ಥೈಮ್ ಇನ್ನೂ ಸೌಮ್ಯ, ಸೇಬು ಕಿತ್ತಳೆ ಅಂಜೂರಕ್ಕೆ 4ರಿಂದ 5 ಎಳೆ. ಸಿಗದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆ ಇದೆ. ಥೈಮ್‌ನ ವಾಸನೆಗೆ ಕಾರಣವಾದ ಥೈಮಾಲ್, ಕಾರ್ವಕ್ರಾಲ್ ದೊಡ್ಡಪತ್ರೆಯಲ್ಲೂ ಇವೆ, ಓಮದಲ್ಲಿರುವುದೂ ಥೈಮಾಲೇ. ಆದರೆ ದೊಡ್ಡಪತ್ರೆ ಬಹಳ ಗಟ್ಟಿಗ. ಎರಡು ಮಧ್ಯಮ ಎಲೆಯನ್ನು ಹರಿದು ಬೆಣ್ಣೆಯಲ್ಲಿ ಒಂದೇ ನಿಮಿಷ ಬಾಡಿಸಿ ತೆಗೆಯಬೇಕು. ಮೂರು ಎಲೆಯಾದರೆ ಮನೆಯವರಿಗೆ ಕೆಮ್ಮಿನ ಕಷಾಯದ ನೆನಪಾಗುತ್ತದೆ. ಅನಾನಸ್‌ನ ಹುಳಿಯೊಂದಿಗೆ ಹದವರಿತು ಹಾಕಿದರೆ ಇದು ರೋಸ್‌ಮೇರಿಗೆ ಕಡಿಮೆಯಿಲ್ಲ, ಖರ್ಚೂ ಇಲ್ಲ.

ಮಜ್ಜಿಗೆಹುಲ್ಲು, ಅಂದರೆ ನಿಂಬೆಹುಲ್ಲು, ಬಾಳೆಗೆ ಹೇಳಿ ಮಾಡಿಸಿದ್ದು. ಬಾಳೆಯಲ್ಲಿಲ್ಲದ ನಿಂಬೆಯ ಚುರುಕನ್ನು ತರುತ್ತದೆ, ಹಾಗಿದ್ದೂ ಅದರಲ್ಲಿ ಹುಳಿಯಿಲ್ಲದ್ದರಿಂದ ಹಾಲು ಒಡೆಯುವುದಿಲ್ಲ. ಎರಡು ದಂಟಿನ ಬಿಳಿ ಭಾಗವನ್ನು ಜಜ್ಜಿ, ಹಿಟ್ಟಿಗೆ ಹಾಕುವ ಹಾಲಿನಲ್ಲಿ ಕುದಿ ಬರಿಸಿ, ಮುಚ್ಚಿ 20 ನಿಮಿಷ ಬಿಟ್ಟು ಸೋಸಿ. ಹಾಲು ಇಂಗಿ ಕಡಿಮೆಯಾಗಿರುತ್ತದೆ, ಮತ್ತೆ ಅಳತೆಗೆ ತುಂಬಿಸಿಕೊಳ್ಳಿ. ನಾರು ಒಂದೂ ಒಳಗೆ ಹೋಗಬಾರದು.

ಇನ್ನು ಮೆದು ಎಲೆಗಳು. ಪುದೀನ ಮತ್ತು ಕಾಮಕಸ್ತೂರಿ ಎರಡನ್ನೂ ಬೇಯಿಸಬೇಡಿ. ಅರ್ಧ ಕಪ್ ನೀರು, 3 ದೊಡ್ಡ ಚಮಚ ಸಕ್ಕರೆ ಕುದಿಸಿ ಅರ್ಧಕ್ಕೆ ಇಳಿಸಿ, ಒಲೆ ಆರಿಸಿ, 10 ಎಲೆಯನ್ನು ಕೈಯಲ್ಲಿ ಹಿಸುಕಿ ಹಾಕಿ 10 ನಿಮಿಷ ಮುಚ್ಚಿಡಿ. ಸೋಸಿದ ಈ ಪಾಕವನ್ನು ಮಗುಚಿದ ಬಿಸಿ ಕೇಕಿನ ಹಣ್ಣಿನ ಮೇಲೆ ಸವರಿ, ಬಡಿಸುವ ಹೊತ್ತಿಗೆ ಸಣ್ಣ ಎಲೆ ನಾಲ್ಕಾರು ಇಡಿ. ಮಾವಿಗೆ ಕಾಮಕಸ್ತೂರಿ ನನ್ನ ಮೊದಲ ಆಯ್ಕೆ. ಅದರ ಬದಲು ಪೂಜೆಯ ತುಳಸಿ ಹಾಕಬಹುದೇ ಎಂದರೆ ರುಚಿಯ ಲೆಕ್ಕದಲ್ಲೂ ಬೇಡ. ಅದರಲ್ಲಿರುವ ಯುಜೆನಾಲ್ ಲವಂಗದ ಖಾರ ತರುತ್ತದೆ, ಹಿರಿಯರ ಮನಸ್ಸಿಗೂ ಒಗ್ಗುವುದಿಲ್ಲ. ಹೂವಿನವರ ಹತ್ತಿರ ಸಿಗುವ ಮರುಗ, ದವನ ಘಮಕ್ಕೆ ಎಷ್ಟೇ ಚೆನ್ನಾಗಿದ್ದರೂ ಅವನ್ನು ತಿನ್ನಲೆಂದು ಬೆಳೆದಿರುವುದಿಲ್ಲ, ಔಷಧಿ ಹೊಡೆದಿರಬಹುದು. ಮನೆಯ ಕುಂಡದ ಮರುಗವಾದರೆ ಒಂದು ಕಡ್ಡಿಯನ್ನು ಥೈಮ್‌ನಂತೆ ಬಳಸಿ.

ಒಂದು ಕೇಕಿಗೆ ಒಂದೇ ಎಲೆ. ಎರಡು ಬೆರೆಸಿದರೆ ಯಾವುದೂ ಗುರುತು ಸಿಗದೆ ಹಣ್ಣೂ ಕಳೆದುಹೋಗುತ್ತದೆ.

ಮೊಟ್ಟೆಯೋ ಮೊಸರೋ

ಮೊಟ್ಟೆಯ ಹಿಟ್ಟಿಗೆ: 180 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 115 ಗ್ರಾಂ ಮೆದು ಬೆಣ್ಣೆ, 150 ಗ್ರಾಂ ಸಕ್ಕರೆ, 2 ಮೊಟ್ಟೆ, 120 ಮಿ.ಲೀ. ಹಾಲು. ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ನಾಲ್ಕೈದು ನಿಮಿಷ ಕಡೆದು, ಮೊಟ್ಟೆ ಒಂದೊಂದಾಗಿ ಸೇರಿಸಿ, ಆಮೇಲೆ ಜರಡಿ ಹಿಡಿದ ಮೈದಾ ಮತ್ತು ಹಾಲನ್ನು ಸರದಿಯಲ್ಲಿ ಬೆರೆಸಿ. ಮೊಸರಿನದಕ್ಕೆ: ಅಷ್ಟೇ ಮೈದಾ, ಅಷ್ಟೇ ಸಕ್ಕರೆ, 240 ಗ್ರಾಂ ಹುಳಿಯಿಲ್ಲದ ಗಟ್ಟಿ ಮೊಸರು, 120 ಮಿ.ಲೀ. ವಾಸನೆಯಿಲ್ಲದ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ. ಮೊಸರು ಸಕ್ಕರೆ ಕಲಸಿ, ಪೌಡರ್ ಸೋಡಾ ಹಾಕಿ 5 ನಿಮಿಷ ಬಿಟ್ಟರೆ ನೊರೆಯೇಳುತ್ತದೆ. ಎಣ್ಣೆ, ಕೊನೆಗೆ ಮೈದಾ ಸೇರಿಸಿ ತಡಮಾಡದೆ ಟಿನ್ನಿಗೆ ಸುರಿಯಬೇಕು. ಎಷ್ಟು ಕಡಿಮೆ ಕಲಸಿದರೆ ಅಷ್ಟು ಮೆದು. ಮಜ್ಜಿಗೆಹುಲ್ಲು ಬಳಸುವುದಾದರೆ ಅದನ್ನು ಕುದಿಸಿದ 3 ದೊಡ್ಡ ಚಮಚ ಹಾಲು ಹಾಕಿ ಮೊಸರನ್ನು ಅಷ್ಟೇ ಕಡಿಮೆ ಮಾಡಿ.

ಮೊಟ್ಟೆಯದು ಹಣ್ಣಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಕತ್ತರಿಸಿದರೆ ತುಂಡು ಅಚ್ಚುಕಟ್ಟು. ಆದರೆ ಬೆಣ್ಣೆಯ ಕೇಕ್ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ. ಎಣ್ಣೆ ಮೊಸರಿನದು ಎರಡನೇ ದಿನವೂ ಮೆದುವಾಗಿಯೇ ಇರುತ್ತದೆ, ಬೆಣ್ಣೆಯ ಖರ್ಚೂ ಪಾಕಕ್ಕೆ ಬೇಕಾದ 50 ಗ್ರಾಂಗೆ ಇಳಿಯುತ್ತದೆ. ಹಾಗಾಗಿ ಹಿಂದಿನ ದಿನ ಮಾಡುವವರಿಗೆ, ಎಲ್ಲ ತರದ ನೆಂಟರು ಬರುವ ಮನೆಗೆ ಮೊಸರಿನದೇ ಸರಿ. ಅದನ್ನು ಮೊಟ್ಟೆಯ ಕೇಕಿನ ಬಡ ತಂಗಿ ಎಂದು ನೋಡಬೇಕಿಲ್ಲ.

ಒಲೆ

ಓಟಿಜಿಯಲ್ಲಿ, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಓವನ್ನಿನಲ್ಲಿ, 175 ಡಿಗ್ರಿ ಸೆಲ್ಸಿಯಸ್‌ಗೆ 15 ನಿಮಿಷ ಮೊದಲೇ ಕಾಯಿಸಿ, ನಡುವಿನ ಹಲಗೆಯಲ್ಲಿ ಮೊಟ್ಟೆಯದು 40ರಿಂದ 45, ಮೊಸರಿನದು 45ರಿಂದ 50 ನಿಮಿಷ. ಸಣ್ಣ ಓಟಿಜಿಯಲ್ಲಿ ಮೇಲಿನ ಕಂಬಿ ಹತ್ತಿರವಿರುವುದರಿಂದ 30 ನಿಮಿಷದ ನಂತರ ಫಾಯಿಲ್ ಮುಚ್ಚಿ. ಅದಕ್ಕೆ ಮೊದಲು ಬಾಗಿಲು ತೆಗೆದರೆ ನಡುಭಾಗ ಕುಸಿಯುತ್ತದೆ. ಮೈಕ್ರೋವೇವ್ ಆದರೆ ಬಿಸಿಗಾಳಿಯಲ್ಲಿ ಬೇಯಿಸುವ ಕನ್ವೆಕ್ಷನ್‌ನಲ್ಲಿ ಮಾತ್ರ ಲೋಹದ ಟಿನ್ ಇಡಿ.

ಕುಕ್ಕರ್ ಅಥವಾ ದಪ್ಪ ಬಾಣಲೆಯಲ್ಲಿ ಮಾಡುವ ಕೇಕಿಗೆ ಯಾವಾಗಲೂ ಒಂದು ಕೊರತೆ: ಮೇಲ್ಮೈ ಬಿಳಿಚಿಕೊಂಡಿರುತ್ತದೆ. ಈ ಕೇಕಿನಲ್ಲಿ ಆ ಮೇಲ್ಮೈ ತಳಕ್ಕೆ ಹೋಗುವುದರಿಂದ ಕೊರತೆ ಕಾಣುವುದೇ ಇಲ್ಲ. ಎಚ್ಚರ ಬೇಕಾದ್ದು ಕೆಳಗಿನ ಬಿಸಿಗೆ, ಬೆಲ್ಲ ಬೇಗ ಸೀಯುತ್ತದೆ. ಹಳೆಯ ದಪ್ಪ ತಳದ ಪಾತ್ರೆಯಲ್ಲಿ ಒಂದಿಂಚು ಉಪ್ಪು ಹರಡಿ, ಅದರ ಮೇಲೆ ಎರಡು ಬೆರಳೆತ್ತರದ ಸ್ಟ್ಯಾಂಡ್ ಇಟ್ಟು, ಕುಕ್ಕರ್ ಆದರೆ ಗ್ಯಾಸ್ಕೆಟ್ ವಿಷಲ್ ಎರಡೂ ತೆಗೆದು, 10 ನಿಮಿಷ ಕಾಯಿಸಿ ಟಿನ್ ಇಡಿ. ತೀರ ಸಣ್ಣ ಉರಿಯಲ್ಲಿ 50ರಿಂದ 60 ನಿಮಿಷ ಬೇಕು. ಪಾಕವನ್ನು ಒಂದು ನಿಮಿಷ ಮೊದಲೇ ಇಳಿಸಿ. ನೀರು ಹೆಚ್ಚಿರುವ ಕಿತ್ತಳೆ, ಮಾವು ಇಲ್ಲಿ ಬೇಡ, ಮುಚ್ಚಿದ ಪಾತ್ರೆಯ ಹಬೆ ಹೊರಹೋಗದೆ ಹಿಟ್ಟು ಒದ್ದೆಯಾಗುತ್ತದೆ. ಬಾಳೆ, ಸೇಬು ಸರಿಹೊಂದುತ್ತವೆ.

ಯಾರಿಗೆ ಯಾವುದು

ಅರವತ್ತರ ಶಾಂತಿಗೆ 20ರಿಂದ 24 ಜನ, ಹಿಂದಿನ ದಿನದ ತಯಾರಿ: ಮೊಸರಿನ ಹಿಟ್ಟು, ಬಾಡಿಸಿದ ಅನಾನಸ್, ರೋಸ್‌ಮೇರಿ. 12 ಇಂಚಿನ ಒಂದೇ ಕೇಕ್ ಮಾಡುವ ಆಸೆ ಬೇಡ. ಮಗುಚುವಾಗ ಮುರಿಯುತ್ತದೆ, ನಡುವೆ ಬೇಯುವುದೂ ತಡ. 8 ಇಂಚಿನ ಎರಡು ಮಾಡಿ, ಬೇಕಾದರೆ ಒಂದಕ್ಕೆ ಸೇಬು ಹಾಕಿ. ಮಕ್ಕಳ ಹುಟ್ಟುಹಬ್ಬ ಸಂಜೆಗಿದ್ದು ಮಧ್ಯಾಹ್ನ ಬಿಡುವಿದ್ದರೆ ಏಲಕ್ಕಿ ಬಾಳೆ, ಮಜ್ಜಿಗೆಹುಲ್ಲಿನ ಹಾಲು. ಎಲೆ ಕಣ್ಣಿಗೆ ಬೀಳುವುದಿಲ್ಲ, ಮಕ್ಕಳು ಪ್ರಶ್ನೆ ಕೇಳದೆ ತಿನ್ನುತ್ತಾರೆ. ಸೀಮಂತಕ್ಕೆ ಸೇಬು, ಹಿಟ್ಟಿಗೆ ಕಿತ್ತಳೆ ಸಿಪ್ಪೆಯ ತುರಿ, ಎಲೆ ಬೇಕಿದ್ದರೆ ಎರಡು ಎಳೆ ಥೈಮ್. ಮೇ, ಜೂನ್‌ನಲ್ಲಿ ಗೃಹಪ್ರವೇಶವಾದರೆ ತೋತಾಪುರಿ ಮತ್ತು ಕಾಮಕಸ್ತೂರಿ, ಓವನ್ ಇದ್ದರೆ ಮಾತ್ರ. ಕೈ ಬಿಗಿಯಿದ್ದರೆ ನೇಂದ್ರ ಬಾಳೆ, ಮೊಸರಿನ ಹಿಟ್ಟು, ಕುಕ್ಕರ್. ಎಲೆಗೆ ಹಿತ್ತಲಿನ ಮಜ್ಜಿಗೆಹುಲ್ಲು.

ಮಗುಚುವ ಹೊತ್ತು

ಟಿನ್ನಿನ ತಳಕ್ಕೆ ಬಟರ್ ಪೇಪರ್ ಹಾಸಿ ಪಾಕ ಸುರಿದಿದ್ದರೆ ಅರ್ಧ ಭಯ ಕಡಿಮೆ. ಬೆಂದಿದೆಯೇ ಎಂದು ನೋಡಲು ಕಡ್ಡಿಯನ್ನು ನಡುವೆ, ಹಣ್ಣಿಗೆ ತಾಗದಷ್ಟೇ ಆಳಕ್ಕೆ ಚುಚ್ಚಿ. ಹಣ್ಣಿಗೆ ಹೋದರೆ ಯಾವಾಗಲೂ ಒದ್ದೆಯಾಗಿಯೇ ಬರುತ್ತದೆ. ಹೊರತೆಗೆದು 10 ನಿಮಿಷ ಬಿಡಿ. ಅದಕ್ಕೂ ಮುಂಚೆ ಮಗುಚಿದರೆ ಪಾಕ ಹರಿದು ಹಣ್ಣು ಜಾರುತ್ತದೆ, 15 ನಿಮಿಷ ದಾಟಿದರೆ ಪಾಕ ಹಿಡಿದುಕೊಳ್ಳುತ್ತದೆ. ಮೇಲ್ಭಾಗ ಗುಮ್ಮಟದಂತೆ ಉಬ್ಬಿದ್ದರೆ ಟಿನ್ನಿನಲ್ಲಿರುವಾಗಲೇ ಸಮಕ್ಕೆ ಕತ್ತರಿಸಿ, ಇಲ್ಲದಿದ್ದರೆ ಮಗುಚಿದ ಮೇಲೆ ಕೇಕ್ ನಡುವೆ ಬಿರುಕು ಬಿಡುತ್ತದೆ. ಅಂಚಿನ ಸುತ್ತ ಚಾಕು ಆಡಿಸಿ, ಅಂಚು ಎತ್ತರವಿರುವ ತಟ್ಟೆಯನ್ನು ಬೋರಲು ಮುಚ್ಚಿ, ದಪ್ಪ ಬಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ಹಿಂಜರಿಯದೆ ತಿರುಗಿಸಿ. ಬಿಸಿ ಪಾಕ ಮೈಮೇಲೆ ಬಿದ್ದರೆ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ. ಕೇಕ್ ಇಳಿಯುವ ಸಣ್ಣ ದಪ್ ಸದ್ದು ಕೇಳದಿದ್ದರೆ ಎಳೆದಾಡಬೇಡಿ. ಮತ್ತೆ ನೆಟ್ಟಗೆ ಮಾಡಿ, ಟಿನ್ನಿನ ತಳವನ್ನು ಸಣ್ಣ ಉರಿಯ ಮೇಲೆ 20 ಸೆಕೆಂಡ್ ಆಡಿಸಿ ಇನ್ನೊಮ್ಮೆ ಪ್ರಯತ್ನಿಸಿ. ಟಿನ್ನಿಗೆ ಅಂಟಿಕೊಂಡು ಉಳಿದ ಹೋಳನ್ನು ಚಮಚದಲ್ಲಿ ತೆಗೆದು ಅದರ ಜಾಗಕ್ಕೇ ಕೂರಿಸಿ ಪಾಕ ಸವರಿದರೆ ಗೊತ್ತಾಗುವುದಿಲ್ಲ.

ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ಮೂರು ದಿನ. ಸೆಕೆಗಾಲದಲ್ಲಿ, ಕರಾವಳಿಯಲ್ಲಿ ಅದೇ ರಾತ್ರಿ ಫ್ರಿಜ್‌ಗೆ ಇಟ್ಟುಬಿಡಿ. ಬಡಿಸುವ ಒಂದು ಗಂಟೆ ಮೊದಲು ಹೊರತೆಗೆದು, ಓವನ್ನಿನಲ್ಲಿ 150 ಡಿಗ್ರಿಗೆ 8 ನಿಮಿಷ ಬೆಚ್ಚಗೆ ಮಾಡಿ. ಎಲೆಯನ್ನು ಅದಾದ ಮೇಲೆ ಇಡಿ.